ಘಟ್ಟದ ಮೇಲಿನವರಿಗೆ ಕಡಲ ಗೊಡವೆಯೇಕೆ?

“ಚೀನದ ಯುದ್ಧನೌಕೆಗಳು ಹಿಂದೂ ಮಹಾಸಾಗರದಲ್ಲಿ ಸುಳಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಕ್ಕೇನು ಬಾಧೆ?” ಎಂದು ಕೇಳುವ ಮಹನೀಯರು ನಮ್ಮಲ್ಲಿದ್ದಾರೆ. ಅವರು ಸ್ವಂತ ಸೀಮೆಯ ಇತಿಹಾಸವನ್ನೇ ಮರೆತರೆಂದು ಖೇದದಿಂದ ಹೇಳಬೇಕಾಗಿದೆ.

1498ರಲ್ಲಿ ಪೋರ್ತುಗೀಜರು ನಮ್ಮ ಪಶ್ಚಿಮ ತೀರಕ್ಕೆ ಬಂದದ್ದು ಮೆಣಸಿನ ಆಸೆಯಿಂದ. ಮೆಣಸು ಬೆಳೆದದ್ದು ಕಡಲಲ್ಲಲ್ಲ, ಘಟ್ಟದ ತೋಟಗಳಲ್ಲಿ! ವ್ಯಾಪಾರಿಗಳಾಗಿ ಬಂದವರು 1505ರಲ್ಲಿ ಅಂಜದೀವದಲ್ಲಿ ಕೋಟೆ ಕಟ್ಟಿದರು. 1510ರಲ್ಲಿ ಗೋವೆಯನ್ನು ಹಿಡಿದರು. 1760ರ ದಶಕದಲ್ಲಿ ಹೈದರಾಲಿಗೆ ರಾಜ್ಯವನ್ನು ಕಳೆದುಕೊಂಡಾಗ, ಶಿರಸಿಯ ನೆರೆಯ ಸೋದೆಯ ಅರಸನು ಆ ಪರಕೀಯರ ಬಾಗಿಲಲ್ಲೇ ಆಶ್ರಯ ಬೇಡಬೇಕಾಯಿತು.

ಇಂದೂ ಕ್ರಮ ಅದೇ: ಮೊದಲು ವ್ಯಾಪಾರ, ಬಳಿಕ ಬಂದರು. 2017ರಲ್ಲಿ ಸಿಂಹಳದ ಹಂಬನತೋಟ ಬಂದರು 99 ವರ್ಷಗಳ ಗುತ್ತಿಗೆಗೆ ಚೀನೀ ಕಂಪನಿಯ ಕೈಸೇರಿತು. ಅದೇ ವರ್ಷ ಜಿಬೂತಿಯಲ್ಲಿ ಚೀನದ ಸೈನಿಕ ನೆಲೆ ತೆರೆಯಿತು.

ಇದಕ್ಕೆ ಎದುರಾಗಿ ಕಾರವಾರದಲ್ಲಿ 2005ರಿಂದ ನಮ್ಮ ನೌಕಾನೆಲೆಯಿದೆ. ಅದಕ್ಕಾಗಿ ಮನೆಮಠ ತೊರೆದವರು ಕರಾವಳಿಯ ಬಡವರು. ಅದರ ಹೆಸರೋ ‘ಕದಂಬ’, ಶಿರಸಿ ತಾಲೂಕಿನ ಬನವಾಸಿಯ ಅರಸುಮನೆತನದ್ದು! ಹೆಸರು ನಮ್ಮದು, ತ್ಯಾಗ ಮಾತ್ರ ಅವರದೇ?

1956ರಲ್ಲಿ ಕನ್ನಡ ನಾಡು ಒಂದೇ ಮನೆಯಾಯಿತು. ಬಾಗಿಲ ಕಾವಲು ಬಾಗಿಲಲ್ಲಿ ಮಲಗಿದವನೊಬ್ಬನದೇ ಅಲ್ಲ. ಉಪಾಧ್ಯಾಯರೇ, ಮಕ್ಕಳಿಗೆ ಕಡಲ ನಕಾಶೆಯನ್ನು ತೋರಿಸಿರಿ. ತರುಣರೇ, ನೌಕಾದಳಕ್ಕೆ ಸೇರಿರಿ. ಹಿರಿಯರೇ, ನೆಲೆಗಾಗಿ ನೆಲೆ ಕಳೆದುಕೊಂಡವರ ನ್ಯಾಯಕ್ಕೆ ದನಿಗೂಡಿಸಿರಿ. ಏಕೀಕರಣವೆಂದರೆ ಇದೇ.