ತೆರೆದ ಹಿಂಬಾಗಿಲು

ನಮ್ಮ ಸಂಘದ ಕಳೆದ ಮಾಸದ ಗೋಷ್ಠಿಯಲ್ಲಿ ಮಿತ್ರರೊಬ್ಬರು ಓದಿದ ಪ್ರಬಂಧವು ಸಭಿಕರಿಗೆ ಬಹಳ ರುಚಿಸಿತು. ಇಂಗ್ಲೆಂಡಿನ ದೊರೆಯಾದ ಎರಡನೆಯ ಜೇಮ್ಸನು 1688ನೆಯ ಇಸವಿಯ ಕ್ರಾಂತಿಯಲ್ಲಿ ದೇಶಬಿಟ್ಟು ಓಡುವಾಗ ಸೆರೆಸಿಕ್ಕಿದ್ದನಷ್ಟೆ. ಆಗಲೇ ಅವನನ್ನು ಕೋಟೆಯಲ್ಲಿ ಭದ್ರಪಡಿಸಿದ್ದರೆ ಮುಂದಿನ ರಕ್ತಪಾತವೆಲ್ಲವೂ ತಪ್ಪುತ್ತಿತ್ತೆಂಬುದೇ ಅವರ ಸಿದ್ಧಾಂತ. ಚಪ್ಪಾಳೆಗಳ ನಡುವೆ ನಾನು ಸುಮ್ಮನಿದ್ದೆನು. ಮೌನವು ಸಮ್ಮತಿಯೆಂದು ಎಣಿಸಲ್ಪಟ್ಟೀತೆಂಬ ಅಳುಕಿನಿಂದ ಈಗ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಡೆಯದುದನ್ನು ಊಹಿಸುವುದೇ ದೋಷವೆಂದು ಹೇಳುವವನು ನಾನಲ್ಲ. 'ಬೆಂಕಿಯಿಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ' ಎಂಬ ಊಹೆಗೆ ನಮ್ಮ ನ್ಯಾಯಶಾಸ್ತ್ರವು ತರ್ಕವೆಂಬ ಗೌರವದ ಹೆಸರನ್ನೇ ಕೊಟ್ಟಿದೆ. ಆದರೆ ಶಾಸ್ತ್ರಕಾರರು ತರ್ಕವನ್ನು ಪ್ರಮಾಣವೆನ್ನಲಿಲ್ಲ. ಪ್ರಮಾಣಕ್ಕೆ ಸಹಾಯಕವೆಂದು ಮಾತ್ರ ಒಪ್ಪಿದರು. ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯು ಮೊದಲೇ ನಿಶ್ಚಿತವಾದುದರಿಂದ ಆ ಮಾತು ನಿಲ್ಲುತ್ತದೆ. ದೊರೆಯ ಸೆರೆಗೂ ರಾಜ್ಯದ ಶಾಂತಿಗೂ ಅಂಥ ವ್ಯಾಪ್ತಿಯನ್ನು ನಮ್ಮ ಮಿತ್ರರು ಎಲ್ಲಿ ಕಂಡರು?

ವ್ಯಾಪ್ತಿಭಂಗಕ್ಕೆ ದೂರ ಹೋಗಬೇಕಾಗಿಲ್ಲ; ಜೇಮ್ಸನ ತಂದೆಯೇ ಸಾಕು. ಮೊದಲನೆಯ ಚಾರ್ಲ್ಸನು ಸೆರೆಸಿಕ್ಕಿದನು, ವಿಚಾರಣೆಗೊಳಗಾದನು, 1649ನೆಯ ಜನವರಿ 30ರಂದು ಅವನ ತಲೆ ಉರುಳಿತು. ಅಲ್ಲಿಗೆ ಅರಸುತನವು ಮುಗಿಯಿತೆ? ಬದುಕಿದ್ದಾಗ ಪ್ರಜೆಗಳ ಪ್ರೀತಿಯನ್ನು ಕಳೆದುಕೊಂಡಿದ್ದವನು ಸತ್ತಮೇಲೆ ಧರ್ಮಕ್ಕಾಗಿ ಪ್ರಾಣ ತೆತ್ತವನೆನಿಸಿಕೊಂಡನು. ಹನ್ನೊಂದು ವರ್ಷಗಳಲ್ಲಿ, 1660ರ ಮೇ ತಿಂಗಳಲ್ಲಿ, ಅದೇ ಲಂಡನ್ ನಗರವು ಅವನ ಮಗನನ್ನು ಜಯಘೋಷದಿಂದ ಬರಮಾಡಿಕೊಂಡಿತು.

ಈ ಪಾಠವನ್ನು ಮರೆಯದಿದ್ದವನು ಆರೆಂಜಿನ ವಿಲಿಯಮ್ಮನು. ಅವನು ಜೇಮ್ಸನಿಗೆ ಅಕ್ಕನ ಮಗನೂ ಹೌದು, ಮಗಳ ಗಂಡನೂ ಹೌದು. ನಮ್ಮ ಭಾಷೆಯ ಎರಡು ಅರ್ಥಗಳಲ್ಲಿಯೂ ಅಳಿಯ. ಮಾವನು ಡಿಸೆಂಬರ್ 11ರ ನಸುಕಿನಲ್ಲಿ ಅರಮನೆಯನ್ನು ಬಿಟ್ಟು, ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದು ಓಡಿದನು. ಕೆಂಟ್ ಸೀಮೆಯ ಫೇವರ್ಷಾಮಿನ ಬೆಸ್ತರು ಅವನನ್ನು ತಲೆಮರೆಸಿಕೊಂಡ ಪಾದ್ರಿಯೆಂದು ಬಗೆದು ಹಿಡಿದು, ಉಡುಪನ್ನೆಲ್ಲ ತಡಕಿ ಅವಮಾನಿಸಿದರು. ಆಮೇಲೆ ನಡೆದುದನ್ನು ನಮ್ಮ ಮಿತ್ರರು ಒಂದೇ ವಾಕ್ಯದಲ್ಲಿ ದಾಟಿಬಿಟ್ಟರು. ಡಿಸೆಂಬರ್ 16ರಂದು ಅವನನ್ನು ಲಂಡನ್ನಿಗೆ ಕರೆತಂದಾಗ, ವಾರದ ಹಿಂದೆ ಅವನನ್ನು ಶಪಿಸುತ್ತಿದ್ದ ಜನರೇ ಬೀದಿಗಳಲ್ಲಿ ನಿಂತು ಜಯಕಾರ ಮಾಡಿದರು! ಐದು ದಿನಗಳ ಸೆರೆಯೇ ಇಷ್ಟು ಕರುಣೆಯನ್ನು ಹುಟ್ಟಿಸಿದ ಮೇಲೆ ಐದು ವರ್ಷಗಳ ಸೆರೆಯು ಏನನ್ನು ಹುಟ್ಟಿಸುತ್ತಿತ್ತು?

ಟವರ್ ಕೋಟೆಯಲ್ಲಿ ಇಡೋಣವೆಂದು ಹೇಳಿದವರೂ ಆಗ ಇದ್ದರು. ವಿಲಿಯಮ್ಮನು ಕೇಳಲಿಲ್ಲ. ಮಾವನನ್ನು ರೋಚೆಸ್ಟರಿಗೆ ಕಳುಹಿಸಿ, ಮುಂಬಾಗಿಲಿಗೆ ಕಾವಲಿಟ್ಟು ಹಿಂಬಾಗಿಲನ್ನು ತೆರೆದಿಟ್ಟನು. ಡಿಸೆಂಬರ್ 23ರಂದು ಹಕ್ಕಿ ತಾನಾಗಿಯೇ ಹಾರಿತು.

ಈ ಹಾರುವಿಕೆಯಿಂದಲೇ ಕ್ರಾಂತಿಯು ನ್ಯಾಯದ ನೆಲೆಯನ್ನು ಪಡೆಯಿತು. 1689ನೆಯ ಜನವರಿ 28ರಂದು ಸಾಮಾನ್ಯರ ಸಭೆಯು ದೊರೆಯು ರಾಜ್ಯತ್ಯಾಗ ಮಾಡಿದನೆಂದೂ ಸಿಂಹಾಸನವು ಬರಿದಾಗಿದೆಯೆಂದೂ ನಿರ್ಣಯಿಸಿತು. ಕೋಟೆಯೊಳಗೆ ಬೀಗ ಹಾಕಲ್ಪಟ್ಟವನನ್ನು ಕುರಿತು 'ಬಿಟ್ಟುಹೋದನು' ಎನ್ನಲು ಯಾವ ನಾಲಗೆ ಏಳುತ್ತಿತ್ತು? ಜೇಮ್ಸನು ಹೆಸರಿಗೆ ದೊರೆಯಾಗಿಯೇ ಇರಲಿ, ಬೇರೊಬ್ಬರು ರಾಜಪ್ರತಿನಿಧಿಯಾಗಿ ಆಳಲಿ ಎಂಬ ಸೂಚನೆಯು ಪ್ರಭುಗಳ ಸಭೆಯಲ್ಲಿ ಎರಡು ಮೂರು ಮತಗಳ ಅಂತರದಿಂದ ಮಾತ್ರ ಬಿದ್ದುಹೋಯಿತು. ದೊರೆಯು ಫ್ರಾನ್ಸಿನಲ್ಲಿದ್ದಾಗಲೇ ಹೀಗಾದರೆ, ಲಂಡನ್ನಿನಲ್ಲಿಯೇ ಬಂದಿಯಾಗಿದ್ದರೆ ಆ ಎರಡು ಮೂರು ಮತಗಳು ಯಾವ ಕಡೆಗೆ ವಾಲುತ್ತಿದ್ದುವೆಂಬುದನ್ನು ವಾಚಕರೇ ವಿಚಾರಿಸಲಿ.

ಮಿತ್ರರ ವಾದದಲ್ಲಿ ಭಾರವಾದ ಅಂಶವು ಒಂದುಂಟು. ಅದನ್ನು ಮರೆಮಾಚುವುದು ಧರ್ಮವಲ್ಲ. ಬಿಡುಗಡೆ ಹೊಂದಿದ ಜೇಮ್ಸನು 1689ರ ಮಾರ್ಚಿಯಲ್ಲಿ ಫ್ರೆಂಚರ ನೆರವಿನೊಡನೆ ಐರ್ಲೆಂಡಿಗೆ ಇಳಿದನು. ಡೆರಿ ಪಟ್ಟಣವು 105 ದಿನಗಳ ಮುತ್ತಿಗೆಯಲ್ಲಿ ಹಸಿವಿನಿಂದ ಬಳಲಿತು. 1690ರಲ್ಲಿ ಬಾಯ್ನ್ ನದಿಯ ತೀರದಲ್ಲಿ ಸೋತು ದೊರೆಯು ಮತ್ತೆ ಓಡಿದನು. ಓಡಲಾರದ ಐರಿಷರು ಮರುವರ್ಷ ಆಘ್ರಿಮಿನಲ್ಲಿ ಸಾವಿರಗಟ್ಟಲೆ ಮಡಿದರು. ತೆರೆದ ಹಿಂಬಾಗಿಲಿನ ಬೆಲೆಯನ್ನು ತೆತ್ತವರು ಅದನ್ನು ತೆರೆದವರಲ್ಲ. ಇದನ್ನು ನೆನೆಯದೆ ವಿಲಿಯಮ್ಮನ ಜಾಣ್ಮೆಯನ್ನು ಹೊಗಳಿದರೆ ನನಗೂ ಪಾಪ ತಟ್ಟೀತು.

ಆದರೂ ಕೇಳುತ್ತೇನೆ: ತಂದೆಯನ್ನು ಕಟ್ಟಿಹಾಕಿದ್ದರೆ ಐರ್ಲೆಂಡು ಉಳಿಯುತ್ತಿತ್ತೆ? ರಾಣಿಯು ಆರು ತಿಂಗಳ ಕೂಸಾದ ರಾಜಕುಮಾರನನ್ನು ಎತ್ತಿಕೊಂಡು ಆ ಮೊದಲೇ ಫ್ರಾನ್ಸಿಗೆ ಹೊರಟುಹೋಗಿದ್ದಳು. ಸೆರೆಯಲ್ಲಿ ಕೊರಗುವ ತಂದೆ, ಹದಿನಾಲ್ಕನೆಯ ಲೂಯಿಯ ಆಸರೆಯಲ್ಲಿ ಬೆಳೆಯುವ ಮಗ. ಯುದ್ಧ ಹೂಡಲು ಲೂಯಿಗೆ ಇದಕ್ಕಿಂತ ಒಳ್ಳೆಯ ನೆಪವು ಬೇಕಿತ್ತೆ? ಚೇಳಿಗೆ ಹೆದರಿ ಹಾವಿನ ಬಾಯಿಗೆ ಬಿದ್ದಂತಾಗುತ್ತಿತ್ತು. ನಡೆದುದರಲ್ಲಿಯಾದರೋ, ಎರಡು ಸಾರಿ ಬೆನ್ನು ತೋರಿಸಿದ ದೊರೆಯು 1701ರಲ್ಲಿ ಸಾಯುವವರೆಗೂ ಪರರ ಅನ್ನದಲ್ಲಿ ಜಪತಪಗಳಿಂದ ಕಾಲ ಕಳೆದನು. ಅವನ ಮಗನೂ ಮೊಮ್ಮಗನೂ 1715ರಲ್ಲಿಯೂ 1745ರಲ್ಲಿಯೂ ಯತ್ನಿಸಿದರು, ಸಿಂಹಾಸನವು ಮರಳಲಿಲ್ಲ. ತಲೆ ಕಳೆದುಕೊಂಡ ತಂದೆಯ ವಂಶಕ್ಕೆ ಹನ್ನೊಂದು ವರ್ಷಗಳಲ್ಲಿ ಮರಳಿದ ರಾಜ್ಯವು, ಓಡಿಹೋದ ಮಗನ ಗಂಡುಸಂತತಿಗೆ ಎಂದೆಂದಿಗೂ ಮರಳಲಿಲ್ಲ.

ಒಬ್ಬನನ್ನು ಹಿಡಿದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂಬ ಮಾತು ಕೇಳುವುದಕ್ಕೆ ಇಂಪು. ದೇಶದ ಕಷ್ಟಗಳಿಗೆಲ್ಲ ಒಂದು ಬೀಗವೇ ಮದ್ದೆಂದು ನಮ್ಮ ತರುಣರಿಗೆ ಕಲಿಸುವುದು ಅಪಾಯ. ಮಿತ್ರರ ವಿದ್ವತ್ತಿನಲ್ಲಿ ನನಗೆ ಗೌರವವುಂಟು. ಅವರು ಮತ್ತೊಮ್ಮೆ ಬರೆಯಲಿ; ಆದರೆ ಊಹೆಯನ್ನು ಹೊರಡಿಸುವ ಮುನ್ನ ವ್ಯಾಪ್ತಿಯನ್ನು ತೋರಿಸಿಕೊಡಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.