ಬಾವು ಕಾಲಿನದು, ಬೇನೆ ಹೃದಯದ್ದು

ಬ್ಯಾಡಗಿ ಪೇಟೆಯಲ್ಲಿ ಯಾರಾದರೂ ಕೆಮ್ಮಿದರೆ, "ಏನಿಲ್ಲ ಬಿಡ್ರಿ, ಮೆಣಸಿನಕಾಯಿ ಘಾಟು" ಅನ್ನುತ್ತಾರೆ. ರಾಣೆಬೆನ್ನೂರಿನಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತವರ ಕಾಲು ಬಾತರೆ, "ದಿನಾ ಕೂತು ಕೂತು ಹಿಂಗಾಗೇತಿ." ಹಾವೇರಿಯಲ್ಲಿ ಬಸ್ ಹತ್ತುವಾಗ ಏದುಸಿರು ಬಂದರೆ, "ವಯಸ್ಸಾತಲ್ರಿ." ಎಷ್ಟೋ ಸಲ ಈ ಮಾತು ನಿಜವೂ ಇರಬಹುದು. ಆದರೆ ಮೂರೂ ಒಬ್ಬರಲ್ಲೇ ಕಂಡು, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಘಾಟನ್ನು ದೂರುತ್ತಾ ಕೂಡಬಾರದು. ಅದು ಹೃದಯ ವೈಫಲ್ಯ ಇರಬಹುದು.

ಹೃದಯ ವೈಫಲ್ಯವೆಂದರೆ ಹೃದಯ ನಿಂತಿತು ಎಂದಲ್ಲ. ಪಂಪಿನ ಜೋರು ತಗ್ಗಿದೆ; ಅದರಿಂದ ಶ್ವಾಸಕೋಶ, ಕಾಲುಗಳಲ್ಲಿ ನೀರು ತುಂಬುತ್ತದೆ. ವರ್ಷಗಟ್ಟಲೆ ಲಕ್ಷ್ಯ ಕೊಡದ ಬಿ.ಪಿ., ಸಕ್ಕರೆ ಕಾಯಿಲೆ, ವಿಪರೀತ ಕುಡಿತ, ಚಿಕ್ಕಂದಿನ ಕೀಲುವಾತ ಜ್ವರದಿಂದ ಕೆಟ್ಟ ಕವಾಟ, ಇವೆಲ್ಲ ಕಾರಣಗಳೇ. ಹೃದಯಾಘಾತದಲ್ಲಿ ಉಳಿದುಕೊಂಡವರ ಸ್ನಾಯು ಸತ್ತಿದ್ದರೂ ಹೀಗಾಗುತ್ತದೆ. 2021ರಲ್ಲಿ ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯ ಉದ್ದೇಶ, ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು. ಎದೆನೋವು ಬಂದಾಗ ಸೋಡಾ ಕುಡಿದು ತಡಮಾಡಿದವರು ಮುಂದೆ ಬಾವು, ಏದುಸಿರಿನಿಂದ ನರಳಬೇಕಾದೀತು.

ಈ ರೋಗ ಪೂರ್ತಿ ಹೋಗುವುದು ಅಪರೂಪ, ಆದರೆ ಹತೋಟಿಯಲ್ಲಿ ಇಡಬಹುದು. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ-ಗಿರ್ಮಿಟ್ಟೂ ಅದೇ ಲೆಕ್ಕಕ್ಕೆ ಸೇರಲಿ. ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕೂಡಲೇ ಡಾಕ್ಟರನ್ನು ಕಾಣಬೇಕು. ಬಸ್ಸಿನಲ್ಲಿ ಮೂತ್ರದ ತಾಪತ್ರಯ ಎಂದು ನೀರಿಳಿಸುವ ಗುಳಿಗೆ ಬಿಡುವವರಿದ್ದಾರೆ. ಬಿಡಬೇಡಿ, ಯಾವ ಹೊತ್ತಿಗೆ ನುಂಗಬೇಕೆಂದು ಡಾಕ್ಟರನ್ನೇ ಕೇಳಿ. ಮೈಕೈ ನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ಗುಳಿಗೆ ಈ ರೋಗಿಗಳಿಗೆ ವೈರಿ. "ಆರಾಮ ಆಗೇತಿ" ಎಂದು ಔಷಧ ನಿಲ್ಲಿಸಿದವರು ಮತ್ತೆ ಹುಬ್ಬಳ್ಳಿಗೋ ದಾವಣಗೆರೆಗೋ ಓಡುವ ಪಾಳಿ ಬರುತ್ತದೆ.

ಆರೋಗ್ಯ ಇಲಾಖೆಗೂ ಒಂದು ಮಾತು. ಅಂಗಡಿ ಬಿಟ್ಟು, ಬಸ್ ತಪ್ಪಿಸಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಕಡಿಮೆ. ಟೆಂಡರ್ ದಿನ ಬ್ಯಾಡಗಿ ಎಪಿಎಂಸಿಯಲ್ಲಿ, ವಾರಕ್ಕೊಮ್ಮೆ ಮೂರೂ ಊರಿನ ಬಸ್ ನಿಲ್ದಾಣದಲ್ಲಿ ಒಂದು ಮೇಜು ಹಾಕಿ ಬಿ.ಪಿ., ಸಕ್ಕರೆ, ತೂಕ ನೋಡಲಿ. ಬಿ.ಪಿ. ಗುಳಿಗೆ ವರ್ಷವಿಡೀ ಸಿಗುವಂತೆ ನೋಡಿಕೊಳ್ಳಲಿ. ಮೆಣಸಿನಕಾಯಿ ಚೀಲವನ್ನು ತಪ್ಪದೆ ತೂಗುವ ಊರಿನಲ್ಲಿ ಮನುಷ್ಯನನ್ನು ತೂಗಿ ನೋಡುವುದು ಅಷ್ಟು ಕಷ್ಟವೇ?