ಫಲಕದ ಮೇಲಣ ಎರಡಕ್ಷರ

ಪಣಂಬೂರಿನಲ್ಲಿ, ನವಮಂಗಳೂರು ಬಂದರಿನ ಸಮೀಪ, ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಕ್ಷಣಕಾಲ ನಿಂತವನಿಗೆ, ವಾಹನಗಳ ಫಲಕಗಳಲ್ಲಿ ನಮ್ಮ ಕೆಎ 19ರ ನಡುನಡುವೆ ಕಾಸರಗೋಡಿನ ಕೆಎಲ್ 14 ಮೊದಲಾಗಿ ಪರರಾಜ್ಯಗಳ ಎಷ್ಟೋ ಅಕ್ಷರಗಳು ಕಣ್ಣಿಗೆ ಬೀಳುವುವು. 1988ರ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ, ಅನ್ಯರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಹನ್ನೆರಡು ತಿಂಗಳು ಮೀರಿ ಇಲ್ಲಿರಿಸಿಕೊಂಡವನು ಇಲ್ಲಿಯ ಹೊಸ ಸಂಖ್ಯೆಯನ್ನು ಪಡೆಯತಕ್ಕದ್ದು. ಯಾವ ನಾಡಿನ ರಸ್ತೆಯನ್ನು ಸವೆಸುವೆವೋ ಆ ನಾಡಿಗೆ ತೆರಿಗೆ ತೆರುವುದು ಧರ್ಮವೇ ಸರಿ. ಆದರೆ ಇಲ್ಲಿಗೆ ವರ್ಗವಾಗಿ ಬಂದವನೊಬ್ಬನು ಹಳೆಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರವನ್ನು ತರಿಸಿ, ಇಲ್ಲಿ ಜೀವಿತಾವಧಿ ತೆರಿಗೆಯನ್ನು ಒಮ್ಮೆಗೇ ಸಲ್ಲಿಸಿ, ಅಲ್ಲಿ ಮೊದಲೇ ತೆತ್ತ ಹಣದ ಶೇಷಕ್ಕಾಗಿ ಅರ್ಜಿ ಹಿಡಿದು ಅಲೆಯುವಷ್ಟರಲ್ಲಿ, ಮುಂದಿನ ವರ್ಗಾವಣೆಯ ಆಜ್ಞೆಯೇ ಕೈಸೇರಿದರೆ ಆಶ್ಚರ್ಯವಿಲ್ಲ. 2021ರಲ್ಲಿ ಬಂದ ಬಿಎಚ್ ಎಂಬ ನೋಂದಣಿ ಶ್ರೇಣಿಯು ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುವ ಅನುಕೂಲವನ್ನು ಕಲ್ಪಿಸಿತಾದರೂ, ಅದು ಸರಕಾರಿ ನೌಕರರಿಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಸಂಸ್ಥೆಗಳ ನೌಕರರಿಗೂ ಮೀಸಲು. ಹಳೆಯ ಬೈಕೊಂದನ್ನೇರಿ ಹೊಟ್ಟೆಪಾಡಿಗೆ ಬಂದ ಮೇಸ್ತ್ರಿಗೆ ಆ ಬಾಗಿಲು ತೆರೆಯದು. ಇದ್ದಷ್ಟು ಕಾಲಕ್ಕೆ ತಕ್ಕಷ್ಟು ತೆರಿಗೆಯೆಂಬ ಸರಳನೀತಿಯನ್ನು ಸರ್ವರಿಗೂ ಅನ್ವಯಿಸಿ, ಶೇಷದ ಲೆಕ್ಕವನ್ನು ರಾಜ್ಯಗಳೇ ಪರಸ್ಪರ ತೀರಿಸಿಕೊಳ್ಳುವುದಾದರೆ, ಕಾನೂನನ್ನು ಪಾಲಿಸುವುದು ತಪ್ಪಿಸಿಕೊಳ್ಳುವುದಕ್ಕಿಂತ ಸುಲಭವಾದೀತು. ಹಾಗಾದಾಗಲೇ ಅದಕ್ಕೆ ಗೌರವ.